ಕಾಳಪ್ಪನ ಬೀಗಕ್ಕೆ ಬಿದ್ದ ಹೂವು

ಬೀಗ ಮಾಡುವವರದೇ ಒಂದು ಊರಿತ್ತು. ಎಲ್ಲಿತ್ತು ಎಂದು ಕೇಳಬೇಡಿ. ಹೇಳಿದರೆ ಆ ದಿಕ್ಕಿನವರು ನಮ್ಮೂರು ಹಾಗಿಲ್ಲ ಎಂದು ಜಗಳಕ್ಕೆ ಬರುತ್ತಾರೆ, ಉಳಿದ ದಿಕ್ಕಿನವರು ಸದ್ಯ ನಮ್ಮದಲ್ಲವಲ್ಲ ಎಂದು ಕೇಳುವುದನ್ನೇ ಬಿಡುತ್ತಾರೆ. ಬೆಳಗಾದರೆ ಬೀದಿಬೀದಿಯಲ್ಲಿ ತಿದಿಯ ಉಸಿರು, ಅರದಿಂದ ಕಬ್ಬಿಣ ಉಜ್ಜುವ ಸದ್ದು. ಆ ಊರಿನ ಬೀಗವೆಂದರೆ ದೂರದ ಸಂತೆಗಳಲ್ಲೂ ಜನ ಮರುಮಾತಾಡದೆ ಕೊಳ್ಳುತ್ತಿದ್ದರು.

ಅಂಥ ಹೆಸರು ಸುಮ್ಮನೆ ಬಂದದ್ದಲ್ಲ. ಊರ ನಡುವೆ ಒಂದು ಕಲ್ಲುಕಂಬವಿತ್ತು, ಅದಕ್ಕೆ ಸುತ್ತಲೂ ಕಬ್ಬಿಣದ ಬಳೆಗಳು. ಯಾರೇ ಹೊಸ ಬೀಗ ಮಾಡಲಿ, ಮಾರುವ ಮೊದಲು ಅದನ್ನು ಆ ಬಳೆಗೆ ಹಾಕಿ, ಕೀಲಿಕೈಯನ್ನು ಮನೆಯಲ್ಲಿಟ್ಟು ಬರಬೇಕು. ಕೀಲಿಯಿಲ್ಲದೆ ಅದನ್ನು ತೆಗೆಯಲು ಯಾರು ಬೇಕಾದರೂ ಕೈಹಾಕಬಹುದಿತ್ತು. ತೆಗೆದವರು ಬೀಗ ಹಿಡಿದು ಮಾಡಿದವನ ಮನೆಗೆ ಹೋಗಬೇಕು. ಅವನು ಅವರನ್ನು ಮಣೆ ಹಾಕಿ ಕೂರಿಸಿ ಊಟ ಬಡಿಸಬೇಕು. ಅವರು ಉಂಡು ಮುಗಿಸುವ ತನಕ ಬೀಗವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತು, ಅದನ್ನು ಹೇಗೆ ತೆಗೆದರೆಂದು ಕೇಳಿಸಿಕೊಳ್ಳಬೇಕು. ಇದನ್ನು ಹೇಳೂಟ ಎಂದು ಕರೆಯುತ್ತಿದ್ದರು. ಹೇಳುವ ಮಾತು ಮಾಡಿದವನೊಬ್ಬನ ಕಿವಿಗೆ ಮಾತ್ರ ಬೀಳಬೇಕು ಎಂಬುದೊಂದು ಕಟ್ಟು. ನಾಲ್ಕು ಜನಕ್ಕೆ ತಿಳಿದದ್ದು ಕಳ್ಳನಿಗೂ ತಿಳಿಯುತ್ತದೆ ಎಂಬ ಭಯ ಅವರಿಗೆ.

ಅಮಾವಾಸ್ಯೆಯ ದಿನ ಆ ಊರಿನಲ್ಲಿ ಕುಲುಮೆ ಹಚ್ಚುವಂತಿರಲಿಲ್ಲ. ಆವತ್ತು ಬೀಗದವರೆಲ್ಲ ತಂತಿ, ಕೊಕ್ಕೆ ಹಿಡಿದು ಕಂಬದ ಬುಡದಲ್ಲಿ ಕೂತು ಒಬ್ಬರ ಬೀಗವನ್ನು ಇನ್ನೊಬ್ಬರು ತೆಗೆಯಲು ಒದ್ದಾಡುತ್ತಿದ್ದರು. ಬೈಗುಳ, ನಗು, ಎಲೆಯಡಿಕೆ. ಹೊರಗಿನವರು ನೋಡಿದರೆ ಇವರಿಗೆ ಮಾಡಲು ಕೆಲಸವಿಲ್ಲ ಎನ್ನಬೇಕು. ಆದರೆ ಅವರ ಕೈ ಕಲಿಯುತ್ತಿದ್ದದ್ದು ಅಲ್ಲೇ.

ಎಲ್ಲರಿಗಿಂತ ಚೆನ್ನಾಗಿ ಬೀಗ ತೆಗೆಯುತ್ತಿದ್ದವಳು ಸಂಕಮ್ಮ. ಅವಳೇನು ಬೀಗದವಳಲ್ಲ, ಹರೆಯದಲ್ಲಿ ಕಳ್ಳಿ. ಎಲ್ಲಿಂದಲೋ ಬಂದು ಈ ಊರಿನ ಬೀಗಕ್ಕೆ ಕೈಹಾಕಿ ಸಿಕ್ಕಿಬಿದ್ದಿದ್ದಳು. ಊರು ಬಿಟ್ಟು ಓಡಿಸಿ ಎಂದು ಕೆಲವರು ಅಂದಾಗ, ಆ ಕೈಯಿಂದ ನಮಗೆ ಕೆಲಸವಿದೆ, ಇರಲಿ ಬಿಡಿ ಎಂದು ತಡೆದವನು ಒಬ್ಬ ಬೀಗದವನು. ಅವನ ಮಗನೇ ಈ ಕಥೆಯ ಕಾಳಪ್ಪ. ಹೀಗೆ ಸಂಕಮ್ಮನಿಗೆ ಕಂಬದ ಪಕ್ಕದಲ್ಲಿ ಒಂದು ಗುಡಿಸಲು ಸಿಕ್ಕಿತು. ಸಾಧು ಹೆಂಗಸೇನಲ್ಲ ಅವಳು. ಬಾಯಿ ಜೋರು, ನಾಲಿಗೆ ರುಚಿ ಬಲ್ಲದ್ದು. ಹೇಳೂಟಕ್ಕೆ ಕೂತರೆ ಮೊದಲು ಸಾರಿನ ವಿಚಾರಣೆ ಆಗಬೇಕು, ಆಮೇಲೆ ಮಂಡಿನೋವಿನ ಕಥೆ, ಆಮೇಲೆ ನೆರೆಮನೆಯವರ ಕೋಳಿಯ ಕಾಟ. ಮಜ್ಜಿಗೆ ಅನ್ನ ಕಲಸುವಾಗಷ್ಟೇ ಬೀಗದ ಮಾತು ಬರುತ್ತಿತ್ತು. ಬಂದರೆ ಮಾತ್ರ ಅದು ಕೇಳುವ ಮಾತು.

ಇನ್ನು ಕಾಳಪ್ಪ. ಅವನ ಕೈಗುಣವನ್ನು ನಾನು ಕಡಿಮೆ ಹೇಳಲಾರೆ, ಅವನು ಉಜ್ಜಿದ ಕಬ್ಬಿಣದಲ್ಲಿ ಮುಖ ಕಾಣುತ್ತಿತ್ತು. ಊರ ಕಣಜದ ಬಾಗಿಲಿಗೆ ತನ್ನ ಬೀಗ ಬೀಳಬೇಕು ಎಂಬುದೊಂದೇ ಅವನ ಆಸೆ. ಆ ಕಣಜದಲ್ಲಿ ಇಡೀ ಊರಿನ ಬಿತ್ತನೆಯ ಬೀಜ ಇರುತ್ತಿತ್ತು, ಹುಳ ಬೀಳದಂತೆ ಬೂದಿ ಬೆರೆಸಿ ಇಟ್ಟದ್ದು. ಆ ಬೂದಿ ಬೆರಳಿನ ಗೆರೆಗಳಿಗೆ ಹತ್ತಿದರೆ ಸೀಗೆಪುಡಿ ಹಾಕಿ ತಿಕ್ಕಿದರೂ ಬೇಗ ಬಿಡುತ್ತಿರಲಿಲ್ಲ. ಕಣಜದ ಕಾವಲುಗಾರ ಬೋರಯ್ಯನ ಅಂಗೈ ವರ್ಷವಿಡೀ ಬೂದುಬಣ್ಣವೇ, ಏಕೆಂದರೆ ಊರ ಗೌಡನಿಂದ ಕೀಲಿ ಇಸಿದುಕೊಂಡು ಬೀಜವನ್ನು ಆಗಾಗ ಕೈಯಾಡಿಸಿ ಮಗುಚುವವನು ಅವನು. ಬಾಗಿಲಿಗೆ ಇದ್ದ ಬೀಗ ಕಾಳಪ್ಪನ ತಂದೆ ಮಾಡಿದ್ದು. ಕಂಬದಲ್ಲಿ ಅದನ್ನು ಸಂಕಮ್ಮ ಎಷ್ಟೋ ಸಲ ತೆಗೆದಿದ್ದಳು. ಅವಳು ತೆಗೆದಷ್ಟು ಸಲವೂ ಆತ ತೊಡೆಯ ಮೇಲಿಟ್ಟುಕೊಂಡು ಕೇಳಿದ, ತಿದ್ದಿದ. ಕೊನೆಗೊಂದು ದಿನ ಅವಳು, ಇನ್ನು ನನ್ನ ಕೈಲಾಗದು ಮಾರಾಯ, ಎಂದು ಕೊಕ್ಕೆ ಎಸೆದಳು. ಈಗ ಆ ಬೀಗಕ್ಕೆ ತುಕ್ಕು ಹಿಡಿದಿತ್ತು. ಹೊಸದನ್ನು ಹಾಕಬೇಕೆಂದು ಊರವರು ಮಾತಾಡಿಕೊಳ್ಳುತ್ತಿದ್ದರು.

ಕಾಳಪ್ಪ ತಂದೆಯ ಹಾಗೆ ಹೊತ್ತು ಕಳೆಯುವವನಲ್ಲ. ಅವನ ಕುಲುಮೆಯ ಮೂಲೆಯಲ್ಲಿ ನೀರು ತುಂಬಿದ ಕೊಳಗ, ಅದರ ಮೇಲೆ ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ಒಂದು ತಾಮ್ರದ ಬಟ್ಟಲು ತೇಲುತ್ತಿತ್ತು. ಬಟ್ಟಲು ತುಂಬಿ ಮುಳುಗಿದರೆ ಒಂದು ಕೆಲಸದ ಹೊತ್ತು ಮುಗಿಯಿತು. ಅರ ಉಜ್ಜುವುದಕ್ಕೆ ಇಷ್ಟು ಬಟ್ಟಲು, ಬೆಸುಗೆಗೆ ಇಷ್ಟು, ಉಣ್ಣುವುದಕ್ಕೆ ಒಂದು, ಬಂದವರ ಜೊತೆ ಮಾತಿಗೆ ಒಂದು. ಊರವರು ಬೆರಗಾಗಿ ನೋಡುತ್ತಿದ್ದರು. ಹೊತ್ತನ್ನು ಹೀಗೆ ಹಿಡಿದಿಟ್ಟವನನ್ನು ಅವರು ಕಂಡಿರಲಿಲ್ಲ. ಅಮಾವಾಸ್ಯೆಗೂ ಅವನು ಕಂಬದ ಬುಡಕ್ಕೆ ಹೋಗುತ್ತಿರಲಿಲ್ಲ, ಮನೆಯಲ್ಲಿ ಕೂತು ಕೀಲಿಗಳಿಗೆ ಹೊಳಪು ಕೊಡುತ್ತಿದ್ದ. ಇನ್ನೊಬ್ಬರ ಬೀಗ ತೆಗೆಯುವುದರಿಂದ ನನ್ನ ಬೀಗಕ್ಕೇನು ಲಾಭ ಎಂದು ಅವನ ವಾದ. ಕೇಳಲು ಸರಿಯಾಗಿಯೇ ಇತ್ತು.

ಕಣಜಕ್ಕೆಂದು ಅವನು ಒಂದೇ ಅಚ್ಚಿನ ಎರಡು ಬೀಗ ಮಾಡಿ, ಒಂದನ್ನು ಕಂಬಕ್ಕೆ ಹಾಕಿದ. ಮಾರನೆಯ ದಿನವೇ ಸಂಕಮ್ಮ ಅದನ್ನು ತೆಗೆದು ಅವನ ಮನೆ ಬಾಗಿಲಿಗೆ ಬಂದಳು. ಬರುವಾಗಲೇ ನಗುತ್ತಿದ್ದಳು. ಕಾಳಪ್ಪನಿಗೆ ಆ ನಗು ಹಿಡಿಸಲಿಲ್ಲ. ಆದರೂ ಮಣೆ ಹಾಕಿದ, ಬಡಿಸಿದ, ಬೀಗವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬಟ್ಟಲನ್ನೂ ಪಕ್ಕಕ್ಕೆ ತರಿಸಿಕೊಂಡ.

ಸಂಕಮ್ಮ ಸಾರಿಗೆ ಹುಣಸೆ ಹೆಚ್ಚಾಯಿತು ಎಂದಳು. ಮಂಡಿಗೆ ಎಣ್ಣೆ ತಿಕ್ಕಿದರೂ ಇಳಿಯುತ್ತಿಲ್ಲ ಎಂದಳು. ಕೋಳಿಯ ವಿಷಯ ಶುರುವಾಯಿತು. ಕಾಳಪ್ಪ ಹ್ಞೂಂಗುಟ್ಟುತ್ತಿದ್ದ, ಕಣ್ಣು ಬಟ್ಟಲಿನ ಮೇಲೆ. ಅವಳು ಮಜ್ಜಿಗೆ ಸುರಿದುಕೊಂಡು, "ಇನ್ನು ನಿನ್ನ ಬೀಗ. ಅಯ್ಯೋ ಇಷ್ಟು ಸಣ್ಣದು ಕಣಪ್ಪ" ಎಂದು ಕಿರುಬೆರಳ ತುದಿ ತೋರಿಸಿದಳು. ಅಷ್ಟರಲ್ಲಿ ಬಟ್ಟಲು ಗುಳಕ್ಕೆಂದು ಮುಳುಗಿತು.

"ಈಗ ಪುರುಸೊತ್ತಿಲ್ಲ ಸಂಕಮ್ಮ. ನಾಳೆ ಬಾ" ಎಂದು ಕಾಳಪ್ಪ ಎದ್ದ.

ಅವಳು ಮರುದಿನ ಬಂದಳು. ಅವತ್ತು ಬೆಸುಗೆಯ ಹೊತ್ತು. ಅದರ ಮರುದಿನವೂ ಬಂದಳು, ಅವತ್ತು ದೂರದ ಗಿರಾಕಿ ಕೂತಿದ್ದ. ಕೊನೆಗೆ ಕಾಳಪ್ಪ ಒಂದು ಉಪಾಯ ಮಾಡಿದ. ಎಲೆಯಲ್ಲಿ ಊಟ ಕಟ್ಟಿಸಿ ಅವಳ ಗುಡಿಸಲಿಗೇ ಕಳಿಸಿದ. ಬಡಿಸುವ ಹೊತ್ತೂ ಉಳಿಯಿತು, ಮರ್ಯಾದೆಯೂ ಉಳಿಯಿತು ಎಂದು ಅವನ ಲೆಕ್ಕ. ಆ ಪೊಟ್ಟಣವನ್ನು ಬಿಚ್ಚದೆ ಸಂಕಮ್ಮ ವಾಪಸ್ಸು ತಂದು ಜಗಲಿಯ ಮೇಲಿಟ್ಟಳು.

"ಉಂಡ ಮೇಲೆ ಹೇಳ್ಬೇಕು. ಹೇಳದೆ ಉಂಡ್ರೆ ಅದು ಭಿಕ್ಷೆ ಆಯ್ತದೆ. ನಿಮ್ಮಪ್ಪ ನನ್ನ ಭಿಕ್ಷುಕಿ ಮಾಡ್ಲಿಲ್ಲ" ಎಂದಳು. ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಕಾಳಪ್ಪನಿಗೆ ಒಂದು ಗಳಿಗೆ ಕೆಡುಕೆನಿಸಿದ್ದು ನಿಜ, ಆದರೆ ಬಟ್ಟಲು ಮತ್ತೆ ತೇಲುತ್ತಿತ್ತು. ಅವನು ಒಳಗೆ ಹೋದ.

ಅವನು ಕೆಟ್ಟವನಾಗಿದ್ದರೆ ಇಲ್ಲಿಗೆ ಬಿಡುತ್ತಿದ್ದ. ಆದರೆ ಅವನು ಒಳ್ಳೆಯವನು, ಊರಿಗೆಲ್ಲ ಉಪಕಾರ ಮಾಡಬೇಕೆನ್ನುವವನು. ಊರ ಸಭೆಯಲ್ಲಿ ಎದ್ದುನಿಂತು, ಹೇಳೂಟದಿಂದ ಊರಿನ ಅರ್ಧ ಹೊತ್ತು ಹಾಳಾಗುತ್ತಿದೆ ಎಂದ. ಒಬ್ಬ ಉಣ್ಣಬೇಕು, ಒಬ್ಬ ಕೂರಬೇಕು, ಒಬ್ಬಳು ಬಡಿಸಬೇಕು, ಕೇಳುವವನ ಮುಖವೂ ಕೆಡಬೇಕು. ಇದರ ಬದಲು ಪ್ರತಿ ಬೀಗದ ಕೆಳಗೆ ಒಂದು ಬುಟ್ಟಿ ಇಡೋಣ. ಬೀಗ ಮೆಚ್ಚಿದವರು ಹೂವು ಹಾಕಲಿ, ಮೆಚ್ಚದವರು ಬೇವಿನೆಲೆ ಹಾಕಲಿ. ಸಂಜೆ ಬುಟ್ಟಿ ನೋಡಿದರೆ ತಿಳಿಯಿತು, ಅರ್ಧ ಬಟ್ಟಲು ಮುಳುಗುವಷ್ಟರಲ್ಲಿ ಮುಗಿಯಿತು. ಸಭೆ ತಲೆದೂಗಿತು. ತಮ್ಮ ಬೀಗದ ತಪ್ಪನ್ನು ಎದುರಿಗೆ ಕೂತು ಕೇಳುವುದು ಅಲ್ಲಿದ್ದ ಯಾರಿಗೂ ಅಷ್ಟೇನೂ ಇಷ್ಟವಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅಷ್ಟು ದಿನ ಇರಲಿಲ್ಲ, ಅಷ್ಟೆ.

ಮೊದಮೊದಲು ಒಂದೆರಡು ಬೇವಿನೆಲೆ ಬಿದ್ದವು. ಯಾರು ಹಾಕಿದರೆಂದು ಎಲ್ಲರೂ ನೋಡಿದರು, ಹಾಕಿದವರ ಬುಟ್ಟಿಗೂ ಬೇವಿನೆಲೆ ಬಿತ್ತು. ಅದಾದ ಮೇಲೆ ಬುಟ್ಟಿಗಳಲ್ಲಿ ಹೂವೇ ಹೂವು. ನೆಂಟರು ಹಾಕಿದರು, ಸಾಲಕೊಟ್ಟವರು ಹಾಕಿದರು, ನಾಳೆ ನಮ್ಮದಕ್ಕೂ ಹಾಕಲಿ ಎಂದು ಹಾಕಿದರು. ಹೂವು ಹಾಕುವುದಕ್ಕೆ ಬೀಗವನ್ನು ಮುಟ್ಟಿ ನೋಡಬೇಕೆಂದೇನೂ ಇರಲಿಲ್ಲ. ಅಮಾವಾಸ್ಯೆಯ ಕೂಟ ತಾನಾಗಿ ನಿಂತಿತು. ಹೂವು ಮಾರುವವರು ಚೆನ್ನಾಗಿ ಬದುಕಿಕೊಂಡರು, ಪಾಪ, ಅವರನ್ನೇಕೆ ಅನ್ನಬೇಕು.

ಸಂಕಮ್ಮನ ಮಾತು ಕೇಳುವವರು ಈಗ ಇರಲಿಲ್ಲ. ಅವಳು ಸೊಪ್ಪು ಮಾರಿಕೊಂಡು ದಿನ ನೂಕತೊಡಗಿದಳು. ಕಾಳಪ್ಪನ ಬೀಗದ ಗುಟ್ಟನ್ನು ಅವಳು ಯಾರಿಗೂ ಹೇಳಲಿಲ್ಲ. ಕಳ್ಳಿಯಾದರೂ ಊರಿನ ಕಟ್ಟು ಮೀರಿದವಳಲ್ಲ.

ಹೆಚ್ಚು ಹೂವು ಬಿದ್ದದ್ದು, ತಿದ್ದದೆಯೇ ಮತ್ತೆ ಕಂಬಕ್ಕೆ ಹಾಕಿದ್ದ ಕಾಳಪ್ಪನ ಬೀಗಕ್ಕೆ. ಗೌಡ ಅದನ್ನೇ ಆರಿಸಿದ. ತಂದೆಯ ತುಕ್ಕು ಬೀಗ ಇಳಿಸಿ ತನ್ನದನ್ನು ಕಣಜದ ಬಾಗಿಲಿಗೆ ಹಾಕುವಾಗ ಕಾಳಪ್ಪನ ಕಣ್ಣು ತುಂಬಿ ಬಂದವು. ಅಂಥ ಸಂತೋಷ ಅವನ ಜೀವನದಲ್ಲಿ ಮತ್ತೆ ಬರಲಿಲ್ಲ. ಗುಂಪಿನ ಹಿಂದೆ ಸೊಪ್ಪಿನ ಬುಟ್ಟಿ ಹೊತ್ತು ಸಂಕಮ್ಮ ನಿಂತಿದ್ದಳು. ಅವನನ್ನು ನೋಡಿ ಕೈಯೆತ್ತಿ ಕಿರುಬೆರಳು ಅಲ್ಲಾಡಿಸಿದಳು. ಹರಸುತ್ತಿದ್ದಾಳೆ ಎಂದುಕೊಂಡು ಅವನು ಕೈಮುಗಿದ.

ಬಿತ್ತನೆಯ ಕಾಲ ಬಂತು. ಗೌಡ ಸೊಂಟದ ಕೀಲಿಯಿಂದ ಬೀಗ ತೆಗೆದ. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು, ಒಳಗೆ ಬೀಜ ಮಾತ್ರ ಇರಬೇಕಾದಷ್ಟು ಇರಲಿಲ್ಲ. ಊರಿನಲ್ಲಿ ಹಾಹಾಕಾರ ಎದ್ದಿತು. ಬೀಗದಲ್ಲಿ ತಪ್ಪಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಮೇಲೆ ತಪ್ಪು ಯಾರದಾದರೂ ಆಗಬೇಕಲ್ಲ. ಬೋರಯ್ಯನ ಕೈ ಹಿಡಿದು ಎತ್ತಿದರು, ಬೂದಿ ಮೆತ್ತಿತ್ತು. ಬೀಜ ಮಗುಚುವುದೇ ನನ್ನ ಕೆಲಸ, ಬೂದಿ ಇರದೆ ಇನ್ನೇನಿದ್ದೀತು ಎಂದು ಅವನು ಅಂಗಲಾಚಿದ. ಕಾಳಪ್ಪನನ್ನು ನೋಡಿ, "ನೀನಾದ್ರೂ ಒಂದು ಮಾತು ಹೇಳಪ್ಪ" ಎಂದ.

ಕಾಳಪ್ಪನ ಕಣ್ಣಮುಂದೆ ಒಂದು ಕಿರುಬೆರಳು ಬಂದುಹೋಯಿತು. ಆದರೂ ಅವನು ತಲೆ ತಗ್ಗಿಸಿ ನಿಂತ. ಬೋರಯ್ಯ ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ.

ಇಂಥ ಬೀಗ ಇರುವಾಗ ಇನ್ನೊಬ್ಬ ಕಾವಲುಗಾರ ಯಾಕೆ ಎಂದು ಊರು ತೀರ್ಮಾನಿಸಿತು. ಇದ್ದ ಬೀಜದಲ್ಲಿ ಅರೆಬರೆ ಬಿತ್ತಿ, ಬಂದ ಬೆಳೆಯಲ್ಲಿ ಮುಂದಿನ ವರ್ಷಕ್ಕೆ ತುಂಬಿಸಿಟ್ಟರು. ಮತ್ತೆ ಬಾಗಿಲು ತೆಗೆದಾಗ ಅದೂ ಇಳಿದಿತ್ತು. ಈ ಸಲ ಹೊರಿಸಲು ಬೋರಯ್ಯ ಇರಲಿಲ್ಲ. ಬೀಜ ಒಣಗಿ ಕುಗ್ಗಿದೆ ಎಂದರು ಕೆಲವರು, ಇಲಿ ಎಂದರು ಕೆಲವರು. ಇನ್ನೊಂದು ವರ್ಷ ಹೀಗಾದರೆ ಬಿತ್ತಲು ಕಾಳಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಸಂಕಮ್ಮನನ್ನು ಬಿಟ್ಟರೆ, ಯಾಕೆಂದು ಗೊತ್ತಿದ್ದವನು ಕಾಳಪ್ಪ ಒಬ್ಬನೇ.

ಅವನು ಸಭೆಯಲ್ಲಿ ನಿಂತು, ನನ್ನ ಬೀಗ ಸರಿಯಿಲ್ಲ, ಇಳಿಸಿಬಿಡಿ ಎಂದ. ಆ ಮಾತು ಆಡಲು ಅವನಿಗೆ ಎಷ್ಟು ಕಷ್ಟವಾಯಿತೋ ಅವನಿಗೇ ಗೊತ್ತು. ಜನ ನಕ್ಕರು. ಇಷ್ಟು ದೊಡ್ಡವನಾಗಿ ಎಷ್ಟು ವಿನಯ ನೋಡಿ ಎಂದರು. ಗೌಡ ಮಾತ್ರ ನಗದೆ ಕೇಳಿದ, "ಅದನ್ನ ಕೀಲಿ ಇಲ್ದೆ ತೆಗೆದವರು ಯಾರಿದ್ದಾರೆ? ತೆಗೆದು ತೋರಿಸು, ಇಳಿಸ್ತೀನಿ."

ಕಾಳಪ್ಪ ಸೀದಾ ಮನೆಗೆ ಬಂದು ಅಡಿಗೆ ಮಾಡಿಸಿದ, ಹುಣಸೆ ಹಿಡಿತದಲ್ಲಿರಲಿ ಎಂದು ತಾನೇ ನಿಂತು ಹೇಳಿದ. ಊಟ ಹೊತ್ತುಕೊಂಡು, ಕಣಜದ ಬೀಗದ ಜೋಡಿಯನ್ನು ಹಿಡಿದು ಸಂಕಮ್ಮನ ಗುಡಿಸಲಿಗೆ ಹೋದ. ಬಟ್ಟಲು ತರಲಿಲ್ಲ. ಅವಳು ಬಹಳ ಇಳಿದುಹೋಗಿದ್ದಳು. ಅವನೇ ಎಲೆ ಹಾಕಿ ಬಡಿಸಿ, ಬೀಗವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತ. ಸಂಕಮ್ಮ ಏನೂ ಕೇಳಲಿಲ್ಲ. ಸಾರು ಚೆನ್ನಾಗಿದೆ ಎಂದಳು. ಮಂಡಿಯ ಕಥೆ ಹೇಳಿದಳು. ಕೋಳಿಗಳು ಈಗಿರಲಿಲ್ಲ, ನೆರೆಯವರೂ ಊರು ಬಿಟ್ಟಿದ್ದರು, ಅದನ್ನೂ ನಿಧಾನವಾಗಿ ಹೇಳಿದಳು. ಕಾಳಪ್ಪ ಎಲ್ಲವನ್ನೂ ಕೇಳಿದ. ಅವಳ ಮಾತು ಇಷ್ಟು ಚೆನ್ನಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಮಜ್ಜಿಗೆ ಅನ್ನ ಉಂಡು ಕೈತೊಳೆದು ಅವಳು ಬೀಗವನ್ನು ಇಸಿದುಕೊಂಡಳು. ತಿರುಗಿಸಿ ನೋಡಿದಳು, ಕಿವಿಗೆ ಹಿಡಿದಳು. ಕೊಕ್ಕೆ ತೆಗೆದುಕೊಂಡು ಒಳಗೆ ಹಾಕಿದಳು. ಬೆರಳು ಗಡಗಡ ನಡುಗುತ್ತಿದ್ದವು, ಕೊಕ್ಕೆ ಜಾರಿ ಬಿತ್ತು. ಎತ್ತಿಕೊಟ್ಟ, ಮತ್ತೆ ಬಿತ್ತು.

"ಸಣ್ಣದು ಕಣಪ್ಪ. ನಗು ಬಂದಿತ್ತು ನಂಗೆ, ಅದು ಗ್ಯಾನ ಅದೆ. ಏನು ಅಂತ ಮರ್ತೋಯ್ತು."

ನೆನಪು ಮಾಡಿಕೊ ಎಂದು ಕಾಳಪ್ಪ ಬೇಡಿಕೊಂಡ. ಅವಳು ಕಣ್ಣುಮುಚ್ಚಿ ಬೀಗವನ್ನು ಬೆರಳಿನಿಂದ ತಡವಿದಳು. ಕೆನ್ನೆಯ ಮೇಲೆ ನೀರು ಇಳಿಯಿತು.

"ಬೋ ದಿನ ಬಾಯಲ್ಲೇ ಇಟ್ಕೊಂಡಿದ್ದೆ ಮಗ. ಬೇರೆಯೋರಿಗೆ ಹೇಳಂಗಿಲ್ಲ, ನೀನು ಕೇಳಲ್ಲ. ಬೆರಳಿಗಾದ್ರೂ ನೆಪ್ಪಿರ್ತದೆ ಅಂದ್ಕೊಂಡಿದ್ದೆ."

ಅವತ್ತೇ ಕೂಗಿ ಹೇಳಬಾರದಿತ್ತೇ ಎಂದು ಅವನು ಕೇಳಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ನೀನು ಬಟ್ಟಲು ನೋಡ್ತಿದ್ದೆ. ನಾನು ನಿನ್ನ ಮುಖ ನೋಡ್ತಿದ್ದೆ" ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಕಾಳಪ್ಪ ಅವಳ ಎಲೆಯನ್ನು ತಾನೇ ಎತ್ತಿ, ನೆಲ ಸಾರಿಸಿ, ಬೀಗ ಹಿಡಿದು ಹೊರಗೆ ಬಂದ. ದಾರಿಯಲ್ಲಿ ಅತ್ತ. ಆ ವರ್ಷ ಮುಗಿಯುವ ಮೊದಲೇ ಸಂಕಮ್ಮ ತೀರಿಕೊಂಡಳು.

ಉಳಿದ ಬೀಗದವರ ಮನೆಮನೆಗೂ ಹೋಗಿ, ನನ್ನ ಬೀಗ ತೆಗೆದುಕೊಡಿ ಎಂದು ಅವನು ಕೇಳಿದ. ಅವರು ಕೊಕ್ಕೆ ಹಿಡಿದು ಸ್ವಲ್ಪ ಹೊತ್ತು ಕೆದಕಿ, ನಮ್ಮ ಕೈಗೆ ಅಭ್ಯಾಸ ತಪ್ಪಿದೆ ಎಂದು ಕೊಟ್ಟುಬಿಟ್ಟರು. ಅವರ ಮಕ್ಕಳು ಕೊಕ್ಕೆ ಹಿಡಿಯುವುದನ್ನೇ ಕಂಡಿರಲಿಲ್ಲ. ಕೊನೆಗೆ ಕಾಳಪ್ಪ ಕುಲುಮೆಯ ಬೆಂಕಿ ಆರಿಸಿ, ಒಂದು ಗೊಂಚಲು ತಂತಿ ತೆಗೆದುಕೊಂಡು ಕಣಜದ ಮೆಟ್ಟಿಲ ಮೇಲೆ ಹೋಗಿ ಕೂತ. ತಾನೇ ಮಾಡಿದ ಬೀಗವನ್ನು ಕೀಲಿಯಿಲ್ಲದೆ ತೆಗೆಯಬೇಕು, ಬಿತ್ತನೆಯ ಕಾಲ ಬರುವುದರೊಳಗೆ ತೆಗೆಯಬೇಕು. ಬೆಳಗ್ಗೆ ಬಂದರೆ ಸಂಜೆಯ ತನಕ ಕೂರುತ್ತಿದ್ದ. ಅವನ ಕೈಗೆ ಬೀಗ ಮಾಡಿ ಗೊತ್ತಿತ್ತು, ಕೀಲಿಯಿಂದ ತೆಗೆದು ಗೊತ್ತಿತ್ತು. ಇನ್ನೊಬ್ಬರ ಬೀಗದ ಮುಂದೆ ಕೂತು ಸೋತು ಗೊತ್ತಿರಲಿಲ್ಲ. ಎಲ್ಲಿ ತಪ್ಪಿರಬಹುದು ಎಂದು ಹುಡುಕಿದರೆ, ಅವನು ಎಲ್ಲೆಲ್ಲಿ ಸರಿಯಾಗಿ ಮಾಡಿದ್ದನೋ ಅದೇ ನೆನಪಾಗುತ್ತಿತ್ತು.

ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಮಾಡಿದವನಿಂದಲೇ ತೆಗೆಯಲಾಗದ ಬೀಗ ನೋಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಒಬ್ಬರು ಹೂವು ಇಟ್ಟರು. ನಾಲ್ಕು ಜನ ಇಟ್ಟರು. ಆಮೇಲೆ ಪಕ್ಕದ ಊರಿನವರೂ ಬಂದು ಇಟ್ಟು ಹೋಗತೊಡಗಿದರು. ಬೀಗ ಕೆಟ್ಟದ್ದು ಕಣ್ರೋ ಎಂದು ಅವನು ಮೊದಮೊದಲು ಹೇಳುತ್ತಿದ್ದ, ಹಾಗೆ ಹೇಳಿದಷ್ಟೂ ಹೂವು ಹೆಚ್ಚಾಗುತ್ತಿತ್ತು. ಚೆಂಡುಹೂವಿನ ರಾಶಿ ಅವನ ಮಂಡಿಯ ತನಕ ಬಂತು. ಅವನು ಹೇಳುವುದನ್ನು ಬಿಟ್ಟು, ಬೀಗದ ತೂತಿಗೆ ಕಣ್ಣಿಟ್ಟು ಕೂತ.

ಬಿತ್ತನೆಗೆ ಇನ್ನು ಹೆಚ್ಚು ದಿನ ಇರಲಿಲ್ಲ. ಒಂದು ಮಧ್ಯಾಹ್ನ ಒಬ್ಬ ಒಂದು ದೊಡ್ಡ ಹಾರ ತಂದ. ಊರಿನಲ್ಲಿ ಎಲ್ಲರೂ ಕಂಡ ಮುಖವೇ, ಯಾರೂ ಹೆಚ್ಚು ಮಾತಾಡಿಸದ ಮುಖ. ಹಾರವನ್ನು ಬೀಗಕ್ಕೆ ಹಾಕಿ ಅವನು ಹೊರಡಲಿಲ್ಲ. ಕಾಳಪ್ಪ ಒಂದು ತಂತಿಯನ್ನು ಒಳಗೆ ತೂರಿಸುವುದನ್ನು, ಬಗ್ಗಿಸುವುದನ್ನು, ಮತ್ತೆ ತೂರಿಸುವುದನ್ನು ನೋಡುತ್ತ ನಿಂತ. ಬೆವರು ಹರಿಯುವ ಆ ಮುಖ ನೋಡಿ ಅವನಿಗೇ ಅಯ್ಯೋ ಎನಿಸಿರಬೇಕು. ಹತ್ತಿರ ಬಗ್ಗಿ, ಕಿರುಬೆರಳು ಮುಂದೆ ಚಾಚಿ, "ಕಾಳಪ್ಪ, ಒಂದು ಮಾತು" ಎಂದ.

ಅವನ ನೆರಳು ಬೀಗದ ಮೇಲೆ ಬಿದ್ದು ತೂತು ಕಾಣದಂತಾಯಿತು. ಕಾಳಪ್ಪ ತಲೆ ಎತ್ತಲಿಲ್ಲ.

"ಬೆಳಕಿಗೆ ಅಡ್ಡ ಬರಬೇಡ. ಈಗ ಪುರುಸೊತ್ತಿಲ್ಲ, ನಾಳೆ ಬಾ" ಎಂದ.

ಆ ಮನುಷ್ಯ ಆಗಲಿ ಎಂದು ಮೆಟ್ಟಿಲಿಳಿದು ಹೋದ. ಸಂಜೆ ಕಾಳಪ್ಪ ಎದ್ದು ಮೈಮುರಿದು, ಬೀಗಕ್ಕೆ ಅಡ್ಡವಾಗಿದ್ದ ಹಾರವನ್ನು ಪಕ್ಕಕ್ಕೆ ಸರಿಸಿದ. ಬಿಳಿಯ ಮಲ್ಲಿಗೆಯ ಎಸಳುಗಳ ಮೇಲೆ ಅಲ್ಲಲ್ಲಿ ಬೆರಳ ಗುರುತು ಬಿದ್ದಿತ್ತು. ಬೂದಿಯ ಬಣ್ಣದ್ದು.